ನೀಲಿ ಟಿಕ್ ಹೂಂಗುಟ್ಟುವುದಿಲ್ಲ

ಪ್ರಶ್ನೆ: ನನಗೆ 61 ವರ್ಷ. ಸೋಮವಾರಪೇಟೆ ಹತ್ತಿರ ಆರು ಎಕರೆ ಕಾಫಿ ತೋಟ ಇದೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಒಬ್ಬನೇ ಮಗ, ಬೆಂಗಳೂರಿನಲ್ಲಿ ಕೆಲಸ. ಮೊದಲು ವಾರಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ. ಈಗ ಎಲ್ಲಾ ವಾಟ್ಸಾಪ್‌ನಲ್ಲೇ. ಬೆಳಿಗ್ಗೆ ನಾನು ಶುಭೋದಯ ಕಳಿಸುತ್ತೇನೆ, ರಾತ್ರಿ ‘ಊಟ ಆಯ್ತಾ’ ಅಂತ ಕೇಳುತ್ತೇನೆ. ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಎಷ್ಟೋ ಸಲ ನೀಲಿ ಟಿಕ್ ಬಂದು ಅಷ್ಟಕ್ಕೇ ನಿಲ್ಲುತ್ತದೆ. ಹುತ್ತರಿಗೆ ಬರ್ತೀಯಾ ಅಂದದ್ದಕ್ಕೆ ‘ನೋಡ್ಬೇಕು’ ಅಂದ. ‘ನಿನಗೆ ಯಾವಾಗ ಪುರುಸೊತ್ತೋ ಆಗ ಬಾ’ ಅಂತ ಬರೆದೆ. ಕೆಲಸ ಇದ್ದರೆ ತೊಂದರೆ ಮಾಡ್ಕೋಬೇಡ ಅನ್ನೋದು ನನ್ನ ಅರ್ಥ. ನಾನು ಮುನಿಸಿಕೊಂಡೆ ಅಂತ ಅವನು ತಿಳಿದ. ಹದಿನೈದು ದಿನ ಮೆಸೇಜೂ ಇಲ್ಲ. ಹಬ್ಬಕ್ಕೂ ಬರಲಿಲ್ಲ. ಆಮೇಲೆ ಬಂದಾಗಲೂ ನಾನು ಮಾತಾಡುತ್ತಿದ್ದರೆ ಅವನ ಕಣ್ಣು ಫೋನಿನ ಮೇಲೆ. ಮಗ ದೂರ ಆಗುತ್ತಿದ್ದಾನಾ, ಅಥವಾ ಕಾಲವೇ ಹೀಗಾ? ನಾನೇನು ಮಾಡಲಿ?

ಉತ್ತರ:

ಅಕ್ಕಾ, ಮೊದಲು ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದದ್ದರಲ್ಲಿ ಮಗ ದೂರ ಆಗುತ್ತಿದ್ದಾನೆ ಅನ್ನುವ ಗುರುತು ನನಗೆ ಕಾಣಲಿಲ್ಲ. ಅಮ್ಮ ಮುನಿಸಿಕೊಂಡಳು ಅಂತ ಹದಿನೈದು ದಿನ ಒಳಗೊಳಗೇ ಒದ್ದಾಡುವವನು ದೂರ ಆದವನಲ್ಲ. ದೂರ ಆದವನಿಗೆ ಆ ಸಾಲು ತಾಗುವುದೇ ಇಲ್ಲ. ಓದಿ ಮುಂದೆ ಹೋಗುತ್ತಾನೆ. ನಿಮ್ಮ ಮಗನಿಗೆ ತಾಗಿದೆ.

ಆದರೆ ನಿಮ್ಮಿಬ್ಬರ ಮಾತಿನಿಂದ ಏನೋ ಒಂದು ಕಾಣೆಯಾಗಿದೆ ಅನ್ನೋದು ನಿಜ. ಮಡಿಕೇರಿಯಲ್ಲಿ ಇಪ್ಪತ್ತು ವರ್ಷದಿಂದ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಮೊದಲೆಲ್ಲ ಗಂಡ ಹೆಂಡತಿ ಬಂದು ‘ಅವರು ಹೀಗೆ ಹೇಳಿದ್ರು’ ಅನ್ನುತ್ತಿದ್ದರು. ಈಗ ಫೋನ್ ತೆಗೆದು ನನ್ನ ಮುಂದೆ ಹಿಡಿದು ‘ಇದನ್ನ ಓದಿ, ನೀವೇ ಹೇಳಿ’ ಅನ್ನುತ್ತಾರೆ. ನಾನು ಓದುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಆ ಸಾಲಿನಲ್ಲಿ ಜಗಳವೇ ಇರುವುದಿಲ್ಲ. ಓದಿದವರ ಮನಸ್ಸಿನಲ್ಲಿ ಅದು ಜಗಳವಾಗಿ ಕೇಳಿಸಿರುತ್ತದೆ, ಅಷ್ಟೇ.

ಕಾಣೆಯಾದದ್ದು ಏನು ಅಂತ ಹೇಳುತ್ತೇನೆ. ಚಿಕ್ಕವರಿದ್ದಾಗ ಅಜ್ಜಿ ಕತೆ ಹೇಳುವಾಗ ಒಂದು ಕಟ್ಟಳೆ ಇತ್ತಲ್ಲ, ಕೇಳುವವರು ಹೂಂಗುಟ್ಟಬೇಕು ಅಂತ. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ‘ನಿದ್ದೆ ಬಂತಾ?’ ಅಂತ ಅಜ್ಜಿ ಕೇಳುತ್ತಿದ್ದಳು. ಆ ಹೂಂ ಬರೀ ಎಚ್ಚರ ಇದ್ದೇವೆ ಅಂತ ತೋರಿಸುವುದಕ್ಕೆ ಅಂದುಕೊಂಡಿದ್ದೆವು. ಅದು ಕತೆಯ ಅರ್ಧ ಭಾಗ ಅಂತ ಆಮೇಲೆ ಓದಿ ತಿಳಿದುಕೊಂಡೆ.

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬ್ಯಾವೆಲಾಸ್ ಮತ್ತು ಅವರ ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದರು. ಒಬ್ಬರು ತಾವು ಅಪಾಯದಿಂದ ಸ್ವಲ್ಪದರಲ್ಲಿ ಪಾರಾದ ಕತೆ ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೇಳುವವರಲ್ಲಿ ಕೆಲವರಿಗೆ ಮಾತ್ರ ಒಂದು ಪಕ್ಕದ ಕೆಲಸ ಕೊಟ್ಟಿದ್ದರು. ಹೇಳುವವರ ಮಾತಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದಿಂದ ಶುರುವಾಗುವ ಪದ ಬಂದಾಗಲೆಲ್ಲ ಅವರು ಒಂದು ಗುಂಡಿ ಒತ್ತಬೇಕು. ಅವರ ಕಿವಿ ಪದಗಳ ಮೇಲೇ ಇತ್ತು. ಒಂದೊಂದು ಪದವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆದರೆ ಕತೆಗೆ ಹೂಂ ಅನ್ನುವುದು ತುಂಬಾ ಕಡಿಮೆಯಾಯಿತು. ಅಯ್ಯೋ ಅನ್ನಬೇಕಾದ ಕಡೆ ಅಯ್ಯೋ ಬರುತ್ತಿರಲಿಲ್ಲ. ಆಗ ಏನಾಯಿತು ಗೊತ್ತಾ? ಹೇಳುವವರ ಕತೆಯೇ ಕೆಟ್ಟಿತು. ಅದರಲ್ಲೂ ಕೊನೆ, ಎದೆ ಝಲ್ಲೆನ್ನಬೇಕಾದ ಜಾಗ, ತಡವರಿಸಿತು. ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳಿದರು.

ಮಗ ಮನೆಗೆ ಬಂದಾಗ ನೀವು ಮಾತಾಡುತ್ತಿದ್ದರೆ ಅವನ ಕಣ್ಣು ಫೋನಿನ ಮೇಲೆ ಇರುತ್ತದೆ ಅಂದಿರಲ್ಲ, ಆಗ ಆಗುವುದೂ ಇದೇ. ನಿಮ್ಮ ಮಾತು ಉದ್ದವಾಗುತ್ತದೆ, ಹಾದಿ ತಪ್ಪುತ್ತದೆ. ಅವನಿಗೆ ಬೇಜಾರಾಗುತ್ತದೆ, ಇನ್ನೂ ಜಾಸ್ತಿ ಫೋನ್ ನೋಡುತ್ತಾನೆ. ನನ್ನ ಹತ್ತಿರ ಬರುವ ಹಿರಿಯರಲ್ಲಿ ಎಷ್ಟೋ ಜನ ‘ನಂಗೆ ವಯಸ್ಸಾಯ್ತು, ನನ್ನ ಮಾತು ಯಾರಿಗೂ ರುಚಿಸಲ್ಲ’ ಅನ್ನುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಹೂಂ ಸಿಗದಿದ್ದರೆ ಎಂಥ ಮಾತುಗಾರನ ಮಾತೂ ಸಪ್ಪೆಯಾಗುತ್ತದೆ.

ಈಗ ಮೆಸೇಜಿಗೆ ಬರೋಣ. ಎದುರು ಬದುರು ಮಾತಾಡುವಾಗ ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಎಷ್ಟಿರುತ್ತದೆ? ತಾನ್ಯಾ ಸ್ಟೈವರ್ಸ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳಲ್ಲಿ ಅಳೆದು 2009ರಲ್ಲಿ ಪ್ರಕಟಿಸಿದರು. ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಹತ್ತರಲ್ಲಿ ಕನ್ನಡ ಇರಲಿಲ್ಲ, ಆದರೆ ನಮ್ಮ ಜಗಲಿಯ ಮಾತು ಕೇಳಿದರೆ ನಾವು ಅವರಿಗಿಂತ ನಿಧಾನ ಅಂತ ಯಾರೂ ಹೇಳಲಾರರು. ಅಷ್ಟು ಬೇಗ ಉತ್ತರ ಬರುವುದಕ್ಕೆ ಮನಸ್ಸು ಒಗ್ಗಿಹೋಗಿದೆ. ಅರ್ಧ ಸೆಕೆಂಡ್ ತಡವಾದರೂ ‘ಏನೋ ಇದೆ’ ಅನಿಸುತ್ತದೆ. ಮದುವೆಗೆ ಬರ್ತೀಯಾ ಅಂತ ಕೇಳಿ ಎದುರಿನವರು ಒಂದು ಕ್ಷಣ ಸುಮ್ಮನಾದರೆ ಬರುವುದಿಲ್ಲ ಅಂತ ನಮಗೆ ಆಗಲೇ ಗೊತ್ತಾಗುತ್ತದೆ, ಅಲ್ವಾ?

ಅದೇ ಮನಸ್ಸನ್ನು ಇಟ್ಟುಕೊಂಡು ನಾವು ವಾಟ್ಸಾಪ್‌ಗೆ ಬಂದೆವು. ಇಲ್ಲಿ ಬಿಡುವು ಹತ್ತು ನಿಮಿಷ ಇರಬಹುದು, ಮೂರು ಗಂಟೆ ಇರಬಹುದು. ಅವನು ಮೀಟಿಂಗಿನಲ್ಲಿ ಕೂತು, ಮೇಜಿನ ಕೆಳಗೆ ಫೋನ್ ಹಿಡಿದು ನಿಮ್ಮ ಮೆಸೇಜ್ ನೋಡಿರುತ್ತಾನೆ. ಆಮೇಲೆ ಬರೆಯೋಣ ಅಂತ ಇಟ್ಟಿರುತ್ತಾನೆ. ನಿಮ್ಮ ಕಡೆ ಎರಡು ಟಿಕ್ ನೀಲಿಯಾಗುತ್ತದೆ. ಅಲ್ಲಿಂದ ನಿಮ್ಮ ಮನಸ್ಸು ಲೆಕ್ಕ ಶುರು ಮಾಡುತ್ತದೆ. ಈ ನೀಲಿ ಬಣ್ಣ ಬಂದದ್ದು 2014ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಮೆಸೇಜ್ ಅವರ ಫೋನಿಗೆ ಮುಟ್ಟಿತೋ ಇಲ್ಲವೋ ಅಷ್ಟೇ ತಿಳಿಯುತ್ತಿತ್ತು. ನೀಲಿ ಟಿಕ್ ನೋಡಲು ಹೂಂ ಥರವೇ ಇದೆ. ಆದರೆ ಅದು ‘ಕಂಡೆ’ ಅನ್ನುತ್ತದೆ, ‘ಕೇಳಿದೆ’ ಅನ್ನುವುದಿಲ್ಲ. ಮನುಷ್ಯ ಕೊಡಬೇಕಾದದ್ದನ್ನು ಯಂತ್ರ ಅವನ ಪರವಾಗಿ ಕೊಟ್ಟುಬಿಡುತ್ತದೆ. ಕೊಟ್ಟದ್ದು ಅವನಿಗೂ ಗೊತ್ತಾಗುವುದಿಲ್ಲ. ಇತ್ತ ನೀವು ಮಾತ್ರ ಅದನ್ನು ಹಿಡಿದುಕೊಂಡು ಕೂತಿರುತ್ತೀರಿ.

ಮಳೆಗಾಲದಲ್ಲಿ ಇದರ ಇನ್ನೊಂದು ಮುಖ ನೋಡಿದ್ದೇನೆ. ಜುಲೈನಲ್ಲಿ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇರುವುದಿಲ್ಲ. ಟವರಿನ ಬ್ಯಾಟರಿ ಮುಗಿದು ಸಿಗ್ನಲ್ ಹೋಗುತ್ತದೆ. ಊರಲ್ಲಿರುವವರಿಗೆ ಇದು ಪ್ರತಿ ವರ್ಷದ ಕತೆ. ಬೆಂಗಳೂರಿನಲ್ಲಿರುವ ಮಕ್ಕಳು ಒಂದೇ ಟಿಕ್ ನೋಡುತ್ತಾ ನಿದ್ದೆಗೆಡುತ್ತಾರೆ. ಹಿಂದೆ ಹಾಸ್ಟೆಲಿನಲ್ಲಿದ್ದ ನಮಗೆ ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯಿಂದ ಒಂದು ಕಾಗದ ಬಂದರೆ ಹೆಚ್ಚು. ಆದರೂ ಭಯ ಇರಲಿಲ್ಲ. ‘ಮಳೆ, ಲೈನ್ ಹೋಗಿರುತ್ತೆ’ ಅಂತ ಎಲ್ಲರಿಗೂ ಗೊತ್ತಿತ್ತು. ಸುದ್ದಿ ಇಲ್ಲದಿರುವುದಕ್ಕೆ ಆಗ ಒಂದು ಒಪ್ಪಿತ ಅರ್ಥ ಇತ್ತು. ಈಗ ಇಲ್ಲ.

‘ಊಟ ಆಯ್ತಾ’ ವಿಷಯ ತುಂಬಾ ಮುಖ್ಯ. ನಮ್ಮಲ್ಲಿ ಈ ಮಾತು ಅನ್ನದ ಬಗ್ಗೆ ಅಲ್ಲವೇ ಅಲ್ಲ. ಬಾಗಿಲು ತಟ್ಟಿದ ಹಾಗೆ ಅದು. ‘ಆಯ್ತು, ನಿಂದು?’ ‘ಆಯ್ತು, ಇವತ್ತು ಕೆಸುವಿನ ಸೊಪ್ಪು ಮಾಡಿದ್ದೆ.’ ‘ಅಯ್ಯೋ, ನಂಗೆ ಇಲ್ಲಿ ಎಲ್ಲಿ ಸಿಗ್ಬೇಕು ಅದು.’ ಹೀಗೆ ಬಾಗಿಲು ತೆರೆದು ಮಾತು ಒಳಗೆ ಬರುತ್ತದೆ. ಅದೇ ಎರಡು ಪದ ಪರದೆಯ ಮೇಲೆ ಬಂದರೆ ನಿಜವಾಗಿಯೂ ಊಟದ ಪ್ರಶ್ನೆಯಾಗಿಬಿಡುತ್ತದೆ. ಊಟದ ಪ್ರಶ್ನೆಗೆ ಉತ್ತರ ಹೌದು ಅಥವಾ ಇಲ್ಲ. ಹೆಬ್ಬೆರಳು ಸಾಕು. ನಿಮ್ಮ ಮಗ ಉದಾಸೀನ ಮಾಡಲಿಲ್ಲ. ನೀವು ಬಾಗಿಲು ತಟ್ಟಿದ್ದು ಅವನಿಗೆ ಕೇಳಿಸಲಿಲ್ಲ, ಪ್ರಶ್ನೆ ಕೇಳಿಸಿತು. ಅದಕ್ಕೆ ಉತ್ತರ ಕೊಟ್ಟ.

ಇದೇ ಥರ ನಮ್ಮ ಜಿಲ್ಲೆ ಕಳೆದುಕೊಂಡ ಇನ್ನೊಂದು ಬಾಗಿಲು ನನಗೆ ಯಾವಾಗಲೂ ನೆನಪಾಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ಸಂಜೆ ಕೊಡಗಿನ ಪ್ರತಿ ಮನೆಯ ಫೋನೂ ಹೊಡೆದುಕೊಳ್ಳುತ್ತಿತ್ತು. ‘ನಿಮ್ಮಲ್ಲಿ ಎಷ್ಟು ಸೆಂಟ್?’ ಹೊರಗಿನವರಿಗೆ ಇದು ಏನೂ ಅರ್ಥವಾಗದು. ನೂರು ಸೆಂಟ್ ಸೇರಿದರೆ ಒಂದು ಇಂಚು ಮಳೆ. ‘ನಮ್ಮಲ್ಲಿ ಎಂಬತ್ತು.’ ‘ಪುಣ್ಯವಂತರು, ಇಲ್ಲಿ ಬರೀ ಮೂವತ್ತು, ಹೂ ಅರಳುತ್ತೋ ಇಲ್ವೋ.’ ಅಲ್ಲಿಂದ, ಹೂ ಕಾಯಿ ಕಟ್ಟೋಕೆ ಆಮೇಲೆ ಬೇಕಾದ ಬ್ಯಾಕಿಂಗ್ ಮಳೆ ಬರುತ್ತಾ ಅನ್ನೋ ಚಿಂತೆ, ಅಲ್ಲಿಂದ ಸಾಲ, ಅಲ್ಲಿಂದ ಮಗಳ ಮದುವೆ, ಅಲ್ಲಿಂದ ಅಮ್ಮನ ಮಂಡಿನೋವು. ಮಳೆಯ ಅಳತೆ ಕೇಳಲು ಮಾಡಿದ ಫೋನ್ ಮುಕ್ಕಾಲು ಗಂಟೆ ಆಗುತ್ತಿತ್ತು. ವರ್ಷವಿಡೀ ಮಾತಾಡದ ಇಬ್ಬರು ದಾಯಾದಿಗಳು ಹೂ ಮಳೆಯ ನೆಪದಲ್ಲಿ ಮಾತಾಡಿದ್ದನ್ನು ನಾನು ಕಂಡಿದ್ದೇನೆ.

ಈಗ ಬೆಳೆಗಾರರ ಗ್ರೂಪಿನಲ್ಲಿ ಒಂದು ಸಾಲು: ‘ಮಾದಾಪುರ 45’. ಕೆಳಗೆ ಇನ್ನೊಂದು: ‘ಸುಂಟಿಕೊಪ್ಪ 60’. ಹತ್ತು ನಿಮಿಷದಲ್ಲಿ ಜಿಲ್ಲೆಯ ಮಳೆ ಎಲ್ಲ ಗೊತ್ತಾಗುತ್ತದೆ. ಸುದ್ದಿಯ ದೃಷ್ಟಿಯಿಂದ ಮೊದಲಿಗಿಂತ ನೂರು ಪಾಲು ಒಳ್ಳೆಯದು. ಕಾಫಿ ರೇಟು, ಕಾಳುಮೆಣಸಿನ ರೇಟು, ಆನೆ ಯಾವ ತೋಟದಲ್ಲಿ ನಿಂತಿದೆ ಅನ್ನೋದು, ಎಲ್ಲ ಹಾಗೆ ಬರುವುದೇ ಸರಿ. ಬೆಳಿಗ್ಗೆ ಆರು ಗಂಟೆಗೆ ಕೆಲಸದವರು ಲೈನ್‌ಮನೆಯಿಂದ ಹೊರಡುವ ಮೊದಲು ‘ಆನೆ ಇದೆ’ ಅನ್ನೋ ಸಾಲು ಮುಟ್ಟಿದರೆ ಒಂದು ಜೀವ ಉಳಿಯುತ್ತದೆ. ಆದರೆ ನಾವು ಸುದ್ದಿಗಾಗಿ ಮಾತ್ರ ಫೋನ್ ಮಾಡುತ್ತಿರಲಿಲ್ಲ ಅನ್ನೋದು ಸುದ್ದಿಗೆ ಬೇರೆ ದಾರಿ ಸಿಕ್ಕ ಮೇಲೆ ಗೊತ್ತಾಯಿತು. ಸುದ್ದಿ ನೆಪವಾಗಿತ್ತು. ನೆಪ ಹೋದದ್ದರಿಂದ ಅದರ ಬೆನ್ನಿಗೆ ಬರುತ್ತಿದ್ದ ಮಾತೂ ಹೋಯಿತು.

ಕೊಡವರಲ್ಲಿ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಗಂಡು ಮಗು ಹುಟ್ಟಿದರೆ ಒಂದು. ಬೆಟ್ಟದ ಆಚೆ ಈಚೆ ಒಂಟಿ ಮನೆಗಳಿರುವ ನಾಡಿಗೆ ಅದಕ್ಕಿಂತ ಬೇಗ ಮುಟ್ಟುವ ಸಂದೇಶ ಬೇರೆ ಇರಲಿಲ್ಲ. ಎರಡು ಸದ್ದು, ಅಷ್ಟೇ. ಯಾರು, ಹೇಗೆ, ಯಾವಾಗ, ಒಂದೂ ತಿಳಿಯದು. ಅದಕ್ಕೇ ಜನ ಮಾಡುತ್ತಿದ್ದ ಕೆಲಸ ಬಿಟ್ಟು ಸದ್ದು ಬಂದ ದಿಕ್ಕಿಗೆ ನಡೆದು ಬರುತ್ತಿದ್ದರು. ಸಂದೇಶ ಚಿಕ್ಕದಿದ್ದದ್ದರಿಂದ ಮನುಷ್ಯ ಬರಲೇಬೇಕಿತ್ತು. ಇವತ್ತಿನ ಸಾವಿನ ಮೆಸೇಜಿನಲ್ಲಿ ಫೋಟೋ, ವಯಸ್ಸು, ಅಂತ್ಯಕ್ರಿಯೆಯ ಹೊತ್ತು ಎಲ್ಲ ಇರುತ್ತದೆ. ಕೆಳಗೆ ನೂರು ಜನ ಕೈ ಮುಗಿದ ಚಿತ್ರ ಹಾಕುತ್ತಾರೆ. ಹಾಕಿದ ಮೇಲೆ ಹೋಗಿ ಬಂದ ಹಾಗೆ ಅನಿಸಿಬಿಡುತ್ತದೆ. ಮನೆಯವರು ಮಾತ್ರ ಆ ನೂರರಲ್ಲಿ ಬಂದವರನ್ನು ನೆನಪಿಟ್ಟುಕೊಳ್ಳುತ್ತಾರೆ.

ನಿಮ್ಮ ಆ ಒಂದು ಸಾಲಿಗೆ ಬರುತ್ತೇನೆ. ‘ನಿನಗೆ ಯಾವಾಗ ಪುರುಸೊತ್ತೋ ಆಗ ಬಾ.’ ಇದನ್ನು ಎರಡು ಸಲ ಜೋರಾಗಿ ಓದಿ ನೋಡಿ. ಒಮ್ಮೆ ತಲೆ ಸವರುತ್ತಾ ಹೇಳಿದ ಹಾಗೆ. ಇನ್ನೊಮ್ಮೆ ಮುಖ ಆಚೆ ತಿರುಗಿಸಿ ಹೇಳಿದ ಹಾಗೆ. ಪದ ಒಂದೂ ಬದಲಾಗಿಲ್ಲ. ಕನ್ನಡದಲ್ಲಿ ಪ್ರೀತಿಯೂ ಮುನಿಸೂ ಹೆಚ್ಚಾಗಿ ಒಂದೇ ಪದ ಬಳಸುತ್ತವೆ. ಬೇರೆ ಮಾಡುವುದು ದನಿ. ಬರೆಯುವಾಗ ನಿಮ್ಮ ಕಿವಿಯಲ್ಲಿ ನಿಮ್ಮ ಮೆತ್ತನೆಯ ದನಿ ಇತ್ತು. ಅವನಿಗೆ ಮುಟ್ಟಿದ್ದು ಬರೀ ಅಕ್ಷರ. ‘ನೋಡ್ಬೇಕು’ ಅಂದ ತಪ್ಪು ಅವನ ಮನಸ್ಸಿನಲ್ಲಿ ಆಗಲೇ ಕೂತಿತ್ತು. ಆ ತಪ್ಪಿನ ದನಿಯಲ್ಲೇ ಓದಿಕೊಂಡ.

ಇದು ನಿಮ್ಮೊಬ್ಬರ ಕತೆ ಅಲ್ಲ. ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಕೆಲವು ಸಾಲುಗಳನ್ನು ನಿಜವಾಗಿ ಹೇಳಿದ್ದೋ ಕೊಂಕಾಗಿ ಹೇಳಿದ್ದೋ ಅಂತ ಎದುರಿನವರು ಗುರುತಿಸಬೇಕು. ಈಮೇಲಿನಲ್ಲಿ ಬರೆದವರಿಗೆ ಧೈರ್ಯ ಇತ್ತು, ನೂರರಲ್ಲಿ 78 ಸಲ ಸರಿಯಾಗಿ ಹಿಡಿಯುತ್ತಾರೆ ಅಂತ. ಹಿಡಿದದ್ದು 56. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸರಿಯಾಗುತ್ತಿತ್ತು. ಅದೇ ಸಾಲುಗಳನ್ನು ದನಿಯಲ್ಲಿ ಹೇಳಿದಾಗ 73 ಸಲ ಸರಿಯಾಗಿ ಹಿಡಿದರು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬರೆದವರ ಧೈರ್ಯ. ಬರೆದದ್ದು ತಪ್ಪಾಗಿ ಮುಟ್ಟಬಹುದು ಅನ್ನುವ ಸಂಶಯ ಬರೆಯುವಾಗ ಬರುವುದೇ ಇಲ್ಲ. ನಿಮಗೂ ಬರಲಿಲ್ಲ.

ಇದರ ಮೇಲೆ ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಅಲ್ಲಿ ‘ಲ’ಗೂ ‘ಳ’ಗೂ ಒಂದೇ ಅಕ್ಷರ. ಹಾಲು ಯಾವುದು, ಹಾಳು ಯಾವುದು ಅಂತ ಸಾಲು ನೋಡಿ ಊಹಿಸಬೇಕು. ಅಷ್ಟು ಊಹಿಸುವ ಕಡೆ ಸಿಟ್ಟನ್ನೂ ಊಹಿಸುವುದು ಏನು ಕಷ್ಟ? ಮಗನ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳೋಕೆ ಹೇಳಿ. ಒಂದು ವಾರದಲ್ಲಿ ಕೈಗೆ ಬರುತ್ತದೆ.

ಮೆಸೇಜೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜಾರಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ಮಾತಾಡೋಕೆ ಸಿಗ್ನಲ್ ಸಾಲದ ಕಡೆ ಎರಡು ಸಾಲು ಮೆಸೇಜ್ ಹೋಗುತ್ತಿತ್ತು. ‘ನಾವು ಇದ್ದೇವೆ, ಅಜ್ಜಿಯೂ ಇದ್ದಾರೆ’ ಅನ್ನೋ ಸಾಲನ್ನು ಒಬ್ಬರು ನನಗೆ ಹತ್ತು ಸಲ ತೋರಿಸಿದ್ದರು. ಆ ಸಾಲಿಗೆ ಯಾವ ದನಿಯೂ ಬೇಕಿರಲಿಲ್ಲ.

ಎದುರು ಹೇಳಲಾಗದ್ದನ್ನು ಬರೆದು ಹೇಳಬಹುದು ಅನ್ನೋದೂ ದೊಡ್ಡ ಉಪಕಾರ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗ ಪರೀಕ್ಷೆಯಲ್ಲಿ ಫೇಲಾದದ್ದನ್ನು ಅಪ್ಪನಿಗೆ ಹೇಳಲಾಗದೆ ಪಕ್ಕದ ಕೋಣೆಯಿಂದ ಮೆಸೇಜ್ ಮಾಡಿದ್ದ. ಅಪ್ಪ ಓದಿದರು. ಏನೂ ಬರೆಯಲಿಲ್ಲ. ಎದ್ದು ಹೋಗಿ ಅವನ ಹಾಸಿಗೆಯ ತುದಿಯಲ್ಲಿ ಕೂತರು. ಮೆಸೇಜು ಹೇಗೆ ಕೆಲಸ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಕತೆ ಹೇಳುತ್ತೇನೆ.

ದನಿ ಮೆಸೇಜಿನ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಅದರ ಬೆಲೆ ಹೊರಗಿನವರಿಗೆ ಪೂರ್ತಿ ತಿಳಿಯದು. ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಇವುಗಳಲ್ಲಿ ಮಾತಾಡುವ ಎಷ್ಟೋ ಜನರಿಗೆ ಅದನ್ನು ಬರೆದು ರೂಢಿ ಇಲ್ಲ. ಬರೆಯಲು ಕೂತರೆ ಕನ್ನಡಕ್ಕೋ ಇಂಗ್ಲಿಷಿಗೋ ಜಾರುತ್ತಾರೆ. ಮೈಕಿನ ಚಿತ್ರ ಒತ್ತಿ ಹಿಡಿದರೆ ಮನೆಯ ಮಾತು ಮನೆಯ ದನಿಯಲ್ಲೇ ಹೋಗುತ್ತದೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು ಸಂಜೆ ಲೈನ್‌ಮನೆಯ ಮೆಟ್ಟಿಲ ಮೇಲೆ ಕೂತು ಹಾಗೇ ಊರಿಗೆ ಮಾತು ಕಳಿಸುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಹೂಂ ತಡವಾಗಿ ಬರುತ್ತದೆ, ನಿಜ. ಆದರೆ ದನಿ ಬರುತ್ತದೆ.

ದನಿ ಯಾಕೆ ಅಷ್ಟು ಮುಖ್ಯ ಅಂತ ತೋರಿಸುವ ಒಂದು ಅಧ್ಯಯನವನ್ನು ನಾನು ತುಂಬಾ ತಾಯಂದಿರಿಗೆ ಹೇಳಿದ್ದೇನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್‌ಜರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ್ದು. ಏಳೆಂಟರಿಂದ ಹನ್ನೆರಡು ವರ್ಷದ ಹೆಣ್ಣುಮಕ್ಕಳಿಗೆ ಹೊಸಬರ ಮುಂದೆ ನಿಂತು ಮಾತಾಡುವ, ಲೆಕ್ಕ ಮಾಡುವ ಕೆಲಸ ಕೊಟ್ಟರು. ಮಕ್ಕಳು ಹೆದರಿದರು. ಆಮೇಲೆ ಕೆಲವರಿಗೆ ಅಮ್ಮ ಎದುರೇ ಸಿಕ್ಕಳು. ಕೆಲವರು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದರು. ಕೆಲವರು ಮೆಸೇಜ್ ಮಾಡಿದರು. ಉಳಿದವರಿಗೆ ಅಮ್ಮ ಸಿಗಲೇ ಇಲ್ಲ. ಒತ್ತಡ ಬಂದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಅಳೆದರು. ಎದುರು ಸಿಕ್ಕವರಲ್ಲೂ ದನಿ ಕೇಳಿದವರಲ್ಲೂ ಅದು ಇಳಿಯಿತು. ನೆಮ್ಮದಿ ತರುವ ಆಕ್ಸಿಟೋಸಿನ್ ಏರಿತು. ಮೆಸೇಜ್ ಮಾಡಿದವರ ಮೈ, ಅಮ್ಮ ಸಿಗದವರ ಮೈಯ ಹಾಗೇ ಇತ್ತು. ಅವರು ಚಿಕ್ಕ ಮಕ್ಕಳು, ನಿಮ್ಮ ಮಗ ದುಡಿಯುವ ಗಂಡಸು. ಅದನ್ನೇ ಇವನಿಗೂ ಅಳತೆ ಹಿಡಿಯಲಾಗದು. ಆದರೆ ಅಮ್ಮನ ದನಿ ಮೈಯ ಒಳಗೆ ಹೋಗಿ ಕೆಲಸ ಮಾಡುತ್ತದೆ ಅನ್ನೋದನ್ನು ನಾನು ನಂಬುತ್ತೇನೆ.

ಹಾಗಾದರೆ ಅವನು ಫೋನ್ ಯಾಕೆ ಮಾಡುವುದಿಲ್ಲ? ಈಗಿನವರಿಗೆ ಫೋನ್ ಹೊಡೆದುಕೊಂಡರೆ ಎದೆ ಹೊಡೆದುಕೊಳ್ಳುತ್ತದೆ. ಸಣ್ಣ ವಿಷಯ ಎಲ್ಲ ಮೆಸೇಜಿನಲ್ಲಿ ಬರುವುದರಿಂದ, ಮನೆಯಿಂದ ಕಾಲ್ ಬಂತೆಂದರೆ ಯಾರಿಗೋ ಏನೋ ಆಗಿದೆ ಅಂತಲೇ ಅರ್ಥ. ಜೊತೆಗೆ ಫೋನಿನಲ್ಲಿ ಏನು ಮಾತಾಡೋದು, ಮುಜುಗರ ಅನ್ನೋ ಅಳುಕೂ ಇದೆ. ಅಮಿತ್ ಕುಮಾರ್ ಮತ್ತು ಎಪ್ಲಿ 2021ರಲ್ಲಿ ಈ ಅಳುಕಿನ ಬಗ್ಗೆಯೂ ಪ್ರಕಟಿಸಿದ್ದಾರೆ. ಹಳೆಯ ಗೆಳೆಯರ ಜೊತೆ ಮಾತಾಡಿದರೆ ಮುಜುಗರ ಆಗಬಹುದು ಅಂತ ಜನ ಹೆದರಿದ್ದರು. ಮಾತಾಡಿದ ಮೇಲೆ ನೋಡಿದರೆ ಬರೆದವರಿಗಿಂತ ಹೆಚ್ಚು ಮುಜುಗರ ಏನೂ ಆಗಿರಲಿಲ್ಲ, ಹತ್ತಿರವಾದೆವು ಅನ್ನೋ ಭಾವ ಮಾತ್ರ ಹೆಚ್ಚಾಗಿತ್ತು.

ಆದ್ದರಿಂದ ಮೆಸೇಜನ್ನೇ ಫೋನಿಗೆ ಮೆಟ್ಟಿಲು ಮಾಡಿಕೊಳ್ಳಿ. ‘ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ಲಾ? ವಿಶೇಷ ಏನಿಲ್ಲ, ಸುಮ್ನೆ’ ಅಂತ ಬರೆಯಿರಿ. ಆ ‘ಸುಮ್ನೆ’ ಬಿಡಬೇಡಿ. ಎದೆಬಡಿತ ಇಳಿಸುವುದು ಅದೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅವನು ಬಸ್ಸಿನಲ್ಲೋ ಕ್ಯಾಬಿನಲ್ಲೋ ಕೂತಿರುವ ಹೊತ್ತು ಯಾವುದು ಅಂತ ಕೇಳಿ, ಅದನ್ನೇ ನಿಮ್ಮ ಹೊತ್ತು ಮಾಡಿಕೊಳ್ಳಿ. ವಾರಕ್ಕೆ ಎರಡು ಸಲ ಸಾಕು. ಮೊದಲ ಫೋನಿನಲ್ಲಿ ಹುತ್ತರಿಯ ಸಾಲಿನ ಬಗ್ಗೆ ನೀವೇ ಮಾತೆತ್ತಿ. ‘ನಾನು ಮುನಿಸಿಕೊಂಡು ಬರೆದದ್ದಲ್ಲ ಕಣೋ, ನಿಂಗೆ ಕಷ್ಟ ಆಗದಿರಲಿ ಅಂತ ಬರೆದೆ.’ ಇಷ್ಟೇ. ಯಾಕೆ ಹದಿನೈದು ದಿನ ಸುಮ್ಮನಿದ್ದೆ ಅಂತ ಕೇಳಬೇಡಿ.

ಇನ್ನೊಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದಿನಾ ಬೆಳಿಗ್ಗೆ ಕಳಿಸುವ ಹೂವಿನ ಶುಭೋದಯ ನಿಲ್ಲಿಸಿ. ಅದನ್ನು ನೀವು ಪ್ರೀತಿಯಿಂದ ಕಳಿಸುತ್ತೀರಿ, ನನಗೆ ಗೊತ್ತು. ಆದರೆ ಅದೇ ಚಿತ್ರ ಅವನಿಗೆ ಇನ್ನೂ ನಾಲ್ಕು ಕಡೆಯಿಂದ ಬಂದಿರುತ್ತದೆ. ನಿಮ್ಮ ಹೆಸರಿನ ಮುಂದೆ ಬರುವ ಮೆಸೇಜುಗಳನ್ನು ಓದದೆ ದಾಟಿಸುವ ರೂಢಿ ಅವನ ಕೈಗೆ ಬಿದ್ದಿರುತ್ತದೆ. ಅದರ ಬದಲು ಅಂಗಳದಲ್ಲಿ ನಿಂತು ನೀವೇ ಒಂದು ಫೋಟೋ ತೆಗೆಯಿರಿ. ಕಣದಲ್ಲಿ ಒಣಗುವ ಕಾಫಿ, ಬೇಲಿ ಮುರಿದ ಜಾಗ, ಅವನಪ್ಪ ನೆಟ್ಟ ಕಿತ್ತಳೆ ಗಿಡ. ‘ಈ ಬೇಲಿಗೆ ಕಲ್ಲುಕಂಬ ಹಾಕಿಸ್ಲಾ, ಮರದ್ದೇ ಸಾಕಾ?’ ಅಂತ ಕೇಳಿ. ಹೆಬ್ಬೆರಳಿನಲ್ಲಿ ಉತ್ತರ ಕೊಡಲಾಗದ ಪ್ರಶ್ನೆ ಇದು. ತೋಟ ತನ್ನದೂ ಹೌದು ಅಂತ ಅವನಿಗೂ ಅನಿಸುತ್ತದೆ.

ಸ್ಟೇಟಸ್ ಬಗ್ಗೆಯೂ ಎಚ್ಚರ. ಅವನು ಬಂದು ‘ಮೊನ್ನೆ ಟ್ರೆಕ್ಕಿಂಗ್ ಹೋಗಿದ್ವಿ’ ಅಂದಾಗ ‘ಗೊತ್ತು, ಸ್ಟೇಟಸಲ್ಲಿ ನೋಡ್ದೆ’ ಅನ್ನಬೇಡಿ. ಕತೆ ಅಲ್ಲೇ ಸಾಯುತ್ತದೆ. ನೋಡಿದ್ದರೂ ‘ಹೂಂ, ಹೇಗಿತ್ತು?’ ಅನ್ನಿ. ಅವನು ಹೇಳಲಿ.

ಮನೆಗೆ ಬಂದವನಿಗೆ ಫೋನ್ ಕೆಳಗಿಡು ಅಂತ ಹೇಳಿದರೆ ಎರಡು ದಿನ ನಡೆಯಬಹುದು, ಮೂರನೇ ದಿನ ಜಗಳ. ಎದುರು ಕೂರಿಸಿಕೊಂಡು ಮಾತಾಡಿಸುವ ಬದಲು ಕೈಗೆ ಕೆಲಸ ಕೊಡಿ. ಕಾಫಿ ಹರಡುವುದು, ಕಾಳುಮೆಣಸು ಬಿಡಿಸುವುದು, ಅಕ್ಕಿರೊಟ್ಟಿ ತಟ್ಟುವುದು. ಎರಡೂ ಕೈ ಹಿಟ್ಟಾಗಿದ್ದರೆ ಫೋನ್ ಮುಟ್ಟಲಾಗದು. ಮುಖ ನೋಡದೆ ಪಕ್ಕಪಕ್ಕ ಕೂತಾಗ ಗಂಡುಮಕ್ಕಳ ಬಾಯಿ ಬೇಗ ಬಿಚ್ಚಿಕೊಳ್ಳುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆಗ ನಿಮ್ಮ ಫೋನೂ ಒಳಗಿರಲಿ. ಗ್ರೂಪಿನ ಸದ್ದಿಗೆ ನಾವೂ ಎದ್ದು ಹೋಗುತ್ತೇವೆ.

ನೀಲಿ ಟಿಕ್ ನೋಡಿ ಮನಸ್ಸು ತಡೆಯದಿದ್ದರೆ ವಾಟ್ಸಾಪ್‌ನ ಸೆಟ್ಟಿಂಗ್ಸ್, ಅಲ್ಲಿ ಪ್ರೈವೆಸಿ, ಅದರಲ್ಲಿ ರೀಡ್ ರಿಸೀಟ್ಸ್ ಅನ್ನೋದನ್ನು ಆಫ್ ಮಾಡಿ. ಆಮೇಲೆ ಅವನು ಓದಿದ್ದು ನಿಮಗೆ ಕಾಣುವುದಿಲ್ಲ, ನೀವು ಓದಿದ್ದು ಅವನಿಗೂ ಕಾಣುವುದಿಲ್ಲ. ಗ್ರೂಪುಗಳಲ್ಲಿ ಮಾತ್ರ ಹಾಗೇ ಇರುತ್ತದೆ. ಮೊದಲೇ ಅವನಿಗೆ ಹೇಳಿ ಮಾಡಿ, ಇಲ್ಲದಿದ್ದರೆ ಅದೇ ಇನ್ನೊಂದು ಮುನಿಸಿನ ಗುರುತಾದೀತು.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಅವನು ನಿಮ್ಮ ಜೊತೆ ಮಾತ್ರ ಅಲ್ಲ, ಗೆಳೆಯರ ಜೊತೆಯೂ ಮಾತು ಬಿಟ್ಟಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ದನಿಯಲ್ಲಿ ಸೋತ ಭಾವ ಕೇಳಿಸಿದರೆ, ಅದಕ್ಕೆ ಫೋನು ಕಾರಣ ಅಲ್ಲ. ಆಗ ಹೋಗಿ ಅವನನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅವನೂ ಮಾತಾಡಬಹುದು, ನೀವೂ ಮಾತಾಡಬಹುದು. ಉಚಿತ, ಕನ್ನಡದಲ್ಲೂ ಸಿಗುತ್ತದೆ. ನಾಲ್ಕು ವರ್ಷದ ಹಿಂದೆ ನೀವು ಯಜಮಾನರನ್ನು ಕಳೆದುಕೊಂಡಾಗ ಅವನು ಅಪ್ಪನನ್ನು ಕಳೆದುಕೊಂಡ. ಅದರ ಬಗ್ಗೆ ನೀವಿಬ್ಬರೂ ಕೂತು ಮಾತಾಡಿದ್ದೀರಾ? ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಫೋನಿನಲ್ಲಿ ಬೇಡ. ರೊಟ್ಟಿ ತಟ್ಟುವ ದಿನ ನೋಡಿ.

ಕೊಯ್ಲು ಮುಗಿದಿರುತ್ತದೆ. ಇನ್ನು ಹೂ ಮಳೆಯ ಕಾಲ. ಮೊದಲ ಮಳೆ ಬಿದ್ದ ಸಂಜೆ ಅಳತೆ ನೋಡಿ ಗ್ರೂಪಿಗೆ ಹಾಕುವ ಮೊದಲು ಅವನಿಗೆ ಫೋನ್ ಮಾಡಿ. ‘ಎಷ್ಟು ಸೆಂಟ್ ಬಿದ್ದಿರಬಹುದು ಹೇಳು’ ಅಂತ ಅವನನ್ನೇ ಕೇಳಿ.